ಅತಿಥಿಗಳನ್ನು ನೋಡಿಕೊಳ್ಳುವ ವಿದ್ಯೆ

ಹೊಸನಗರ ತಾಲ್ಲೂಕಿನ ಹುಂಚಕ್ಕೆ ಜನರು ಬಂದುಹೋಗುವುದು ಇಂದು ನಿನ್ನೆಯ ಸಂಗತಿಯಲ್ಲ. ಸಾಂತರರ ರಾಜಧಾನಿಯಾಗಿದ್ದ ಈ ಊರಿನಲ್ಲಿ ಚಟ್ಟಲದೇವಿಯು 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಯಿದೆ, ಪದ್ಮಾವತೀ ದೇವಿಯ ಗುಡಿಯಿದೆ, ಮುತ್ತಿನ ಕೆರೆಯಿದೆ. ಯಾತ್ರಿಕರಿಗೆ ಮಠದಲ್ಲಿ ವಸತಿಯೂ ಊಟವೂ ದೊರೆಯುತ್ತವೆ. ರಥೋತ್ಸವದ ದಿನಗಳಲ್ಲಿ ಎಲೆ ಹಾಕುವವರು, ಬಡಿಸುವವರು, ಚಾಪೆ ಕೊಡುವವರು ಗೊಂದಲವಿಲ್ಲದೆ ಓಡಾಡುವುದನ್ನು ಕಂಡು, ಇವರಿಗೆ ಇದನ್ನೆಲ್ಲ ಕಲಿಸಿದವರಾರೆಂದು ನಾನು ಬೆರಗಾಗಿದ್ದೇನೆ. ಹಿರಿಯರನ್ನು ನೋಡಿ ಕಿರಿಯರು ಕಲಿತದ್ದು, ಅಷ್ಟೆ.

ಆದರೆ ಯಾತ್ರಿಕನು ಬೇರೆ, ಪ್ರವಾಸಿಯು ಬೇರೆ. ದೇವಿಯ ದರ್ಶನವಾದರೆ ಯಾತ್ರಿಕನಿಗೆ ನೆಲದ ಮೇಲಿನ ಚಾಪೆಯೂ ಸುಖವೇ. ಪ್ರವಾಸಿಯಾದರೋ ಶುಚಿಯಾದ ಕೋಣೆ, ಬಿಸಿನೀರು, ಹೊತ್ತಿಗೆ ಸರಿಯಾದ ವಾಹನ, ಕಂಡುದರ ಅರ್ಥವನ್ನು ಹೇಳಬಲ್ಲ ಒಬ್ಬ ಮನುಷ್ಯ, ಇವೆಲ್ಲವನ್ನೂ ಅಪೇಕ್ಷಿಸುತ್ತಾನೆ. ಇವನ್ನು ಒದಗಿಸುವುದು ಒಂದು ವೃತ್ತಿ. ನಮ್ಮ ಮಲೆನಾಡಿನಂತೆಯೇ ಬೆಟ್ಟಗಳ ನಾಡಾದ ಸ್ವಿಟ್ಜರ್ಲೆಂಡಿನ ಹೋಟೆಲಿನವರು ಇದನ್ನು ಬೇಗನೆ ಅರಿತರು. ಲೋಸಾನ್ ನಗರದಲ್ಲಿ 1893ರಲ್ಲಿಯೇ ಇದಕ್ಕಾಗಿ ಶಾಲೆಯೊಂದು ಹುಟ್ಟಿತು. ಆಗುಂಬೆಯ ಘಟ್ಟವಿಳಿದು ಹೋದರೆ ಸಿಗುವ ಮಣಿಪಾಲದಲ್ಲಿ ಅಂಥ ಕಾಲೇಜು ಆರಂಭವಾದದ್ದು 1986ರಲ್ಲಿ.

ಹೊರನಾಡಿನವರೊಡನೆ ಕೂಡಿ ಈ ವಿದ್ಯೆಯನ್ನು ಕಲಿತ ಉದಾಹರಣೆಯೂ ನಮ್ಮ ರಾಜ್ಯದಲ್ಲಿದೆ. 1980ರಲ್ಲಿ ಕರ್ನಾಟಕ ಸರ್ಕಾರವು ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯೊಡನೆ ಸೇರಿ ‘ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್’ ಎಂಬ ಕಂಪನಿಯನ್ನು ಸ್ಥಾಪಿಸಿತು. ಆ ಸಂಸ್ಥೆಯವರು ಚಿತವನದ ಕಾಡಿನಲ್ಲಿ ಪ್ರವಾಸಿಗಳನ್ನು ಆನೆಯ ಮೇಲೆ ಕೂರಿಸಿ ವನ್ಯಮೃಗಗಳನ್ನು ತೋರಿಸಿ ಅನುಭವವುಳ್ಳವರು. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ, ಕಬಿನಿಯ ಹಿನ್ನೀರಿನ ದಡದಲ್ಲಿ, ಮೈಸೂರು ಅರಸರ ಬೇಟೆಯ ಬಂಗಲೆಯೇ ಪ್ರವಾಸಿಗಳ ತಂಗುದಾಣವಾಯಿತು. ಅಲ್ಲಿಗೆ ಬಂದ ಕರ್ನಲ್ ಜಾನ್ ವೇಕ್‌ಫೀಲ್ಡರು ಗಯೆಯಲ್ಲಿ ಹುಟ್ಟಿದವರು, ಒಂದು ಕಾಲದ ಬೇಟೆಗಾರರು. ಎಲ್ಲರಿಂದಲೂ ‘ಪಾಪಾ’ ಎಂದು ಕರೆಸಿಕೊಂಡ ಅವರು 2010ರಲ್ಲಿ ತೀರಿಕೊಳ್ಳುವವರೆಗೂ ಕಬಿನಿಯನ್ನು ಬಿಡಲಿಲ್ಲ. (ಬೇಟೆಗಾರನೇ ಕಾಡಿನ ಆತಿಥೇಯನಾದದ್ದು ವಿಚಿತ್ರವೇ ಸರಿ.) 1987ರಲ್ಲಿ ನೇಪಾಳದವರು ತಮ್ಮ ಪಾಲನ್ನು ಬಿಟ್ಟುಕೊಟ್ಟರು. ಕೆಲಸ ನಿಲ್ಲಲಿಲ್ಲ, ಅದೇ ಕಂಪನಿಯು ಮುಂದೆ ಸಾಗರ ತಾಲ್ಲೂಕಿನ ಜೋಗದ ಬಳಿಯಲ್ಲಿಯೂ ಶಿಬಿರವನ್ನು ತೆರೆಯಿತು. ಕಲಿಸಲು ಬಂದವರು ಹೊರಟುಹೋದ ಮೇಲೂ ನಡೆಯುವ ಇಂಥ ಪಾಲುಗಾರಿಕೆಯೇ ನನಗೆ ಮೆಚ್ಚುಗೆ.

ಒಮ್ಮೆ ಪಂಚಕೂಟ ಬಸದಿಯಲ್ಲಿ ವಿದೇಶೀಯರ ತಂಡವೊಂದನ್ನು ಕಂಡೆ. ನಗರದಿಂದ ಜೊತೆಗೆ ಬಂದಿದ್ದ ತರುಣನು ನಿರರ್ಗಳವಾಗಿ ಇಂಗ್ಲಿಷ್ ನುಡಿಯುತ್ತಿದ್ದನು. ಹತ್ತು ನಿಮಿಷಗಳಲ್ಲಿ ಎಲ್ಲರನ್ನೂ ಬಸ್ಸಿಗೆ ಹತ್ತಿಸಿದನು. ಹೊರಗೆ ಎಳನೀರು ಮಾರುತ್ತಿದ್ದ ಹುಡುಗನು, ಉತ್ತರ ಮಧುರೆಯಿಂದ ದೇವಿಯ ಮೂರ್ತಿಯೊಡನೆ ಬಂದ ಜಿನದತ್ತರಾಯನ ಕಥೆಯನ್ನೂ, ಅವನು ಮಲಗಿದ ಲಕ್ಕಿಯ ಮರದ ವಿಷಯವನ್ನೂ, ಮೂರ್ತಿಗೆ ತಾಗಿದ ಕಬ್ಬಿಣವು ಹೊನ್ನಾದುದನ್ನೂ ನನಗೆ ಸೊಗಸಾಗಿ ಹೇಳಿದನು. “ಅವರಿಗೂ ಹೇಳಬಾರದಾಗಿತ್ತೇನಪ್ಪ?” ಎಂದೆ. “ನನಗೆ ಇಂಗ್ಲಿಷ್ ಬರೋದಿಲ್ಲ ಸಾರ್” ಎಂದನು.

ಹೊರದೇಶದ ವಿದ್ಯಾಲಯವೊಂದು ನಮ್ಮೊಡನೆ ಕೈಜೋಡಿಸುವುದಾದರೆ, ಅದರ ವಿದ್ಯಾರ್ಥಿಗಳನ್ನು ಮೊದಲು ರಥೋತ್ಸವದ ಪಂಕ್ತಿಯಲ್ಲಿ ಬಡಿಸಲು ನಿಲ್ಲಿಸಬೇಕು. ಈ ಹುಡುಗನು ಅಲ್ಲಿಗೆ ಹೋಗಿ ಭಾಷೆಯನ್ನೂ, ಲೆಕ್ಕಪತ್ರವನ್ನೂ, ಹತ್ತು ಜನರಿಂದ ಕೆಲಸ ತೆಗೆಯುವ ರೀತಿಯನ್ನೂ ಕಲಿತು ಬರಬೇಕು. ಹಾಗೆ ಕಲಿತು ಬಂದವನಿಗೆ ಹುಂಚದಲ್ಲಿಯೇ ನಿಲ್ಲುವಷ್ಟು ಸಂಬಳವನ್ನು ಯಾರು ಕೊಡುವರು? ಎಳನೀರಿನ ಗಾಡಿಯ ಬಳಿ ಕುಳಿತಿದ್ದ ಅವನ ತಾಯಿ ನನ್ನನ್ನು ಕೇಳಿದ್ದೂ ಇದನ್ನೇ.