ಎರಡನೆಯ ಬೀಗದ ಕೈ

ಬ್ಯಾಂಕಿನಲ್ಲಿದ್ದಷ್ಟು ಕಾಲವೂ ಡ್ರಾಯರಿಗೆ ಬೀಗ ಹಾಕಿ ಎರಡು ಸಲ ಎಳೆದು ನೋಡದೆ ನಾನು ಕುರ್ಚಿ ಬಿಟ್ಟು ಎದ್ದವನಲ್ಲ. ಮನೆಯಲ್ಲೂ ಅದೇ ಅಭ್ಯಾಸ. “ನೀವು ಎಳೆದೂ ಎಳೆದೂ ಚಿಲಕವೇ ಕಿತ್ತುಬರುತ್ತೆ” ಎಂದು ನನ್ನ ಹೆಂಡತಿ ರೇಗಿಸುತ್ತಿದ್ದಳು. ಇಂಥ ನನ್ನ ಕೈಯಿಂದಲೇ ಒಂದು ದೋಣಿಯ ಎಂಜಿನ್ ಕಳುವಾಯಿತೆಂದರೆ ನಂಬುತ್ತೀರಾ?

2017ರ ಡಿಸೆಂಬರಿನಲ್ಲಿ ನ್ಯೂಜಿಲೆಂಡಿಗೆ, ಆಕ್ಲೆಂಡಿನಲ್ಲಿರುವ ಮಗನ ಮನೆಗೆ ಹೋಗಿದ್ದೆ. ಅಲ್ಲಿ ಆಗ ಬೇಸಿಗೆ. ಮಗ ಇಬ್ಬರು ಗೆಳೆಯರ ಜತೆ ಸೇರಿ ಒಂದು ಹಳೆಯ ಹಾಯಿದೋಣಿ ಕೊಂಡಿದ್ದ. ಒಳಗೆ ನಾಲ್ಕು ಜನ ಮಲಗಬಹುದು, ಪುಟ್ಟ ಒಲೆಯೂ ಉಂಟು. ಮೈಸೂರಿನವನಾದ ನನಗೆ ಗೊತ್ತಿದ್ದದ್ದು ತಲಕಾಡಿನ ಹರಿಗೋಲು. ಮರಳಿನ ಮೇಲೆ ಎಳೆದು ಬೋರಲು ಹಾಕಿದರೆ ಅದರ ಭದ್ರತೆ ಮುಗಿಯಿತು. ಇದನ್ನು ಹಾಗೆ ಎಳೆಯಲಾಗದು. ಬಂದರಿನೊಳಗೇ, ದಡದಿಂದ ಸ್ವಲ್ಪ ದೂರದಲ್ಲಿ, ನೀರಿನ ತಳಕ್ಕೆ ಬಿಗಿದ ಸರಪಳಿಗೆ ಕಟ್ಟಿ ಬಿಟ್ಟಿರುತ್ತಾರೆ. ವಾರವೆಲ್ಲ ಅದರಲ್ಲಿ ನರಪಿಳ್ಳೆ ಇರುವುದಿಲ್ಲ.

“ಯಾರಾದರೂ ದೋಣಿಯನ್ನೇ ಹೊಡೆದುಕೊಂಡು ಹೋದರೆ?” ಎಂದೆ.

“ಅದು ಅಪರೂಪ ಅಪ್ಪಾ. ಕಳ್ಳರ ಕಣ್ಣು ಜಾಸ್ತಿ ಬೀಳೋದು ಡಿಂಗಿ ಮೇಲೆ, ಅದರ ಎಂಜಿನ್ ಮೇಲೆ” ಎಂದ ಮಗ.

ಡಿಂಗಿ ಎಂದರೆ ದಡಕ್ಕೂ ದೋಣಿಗೂ ಓಡಾಡುವ ಪುಟ್ಟ ರಬ್ಬರ್ ದೋಣಿ. ಅದರ ಹಿಂದಿನ ಹಲಗೆಗೆ ಸುಮಾರು ಇಪ್ಪತ್ತು ಕಿಲೋ ತೂಕದ ಎಂಜಿನ್. ಅದನ್ನು ಹಿಡಿದಿರುವುದು ಎರಡೇ ತಿರುಪು, ಅವೂ ಬರಿಗೈಲಿ ಬಿಚ್ಚುವಂಥವು. ಆದ್ದರಿಂದ ರಾತ್ರಿ ಮಲಗುವ ಮುಂಚೆ ಎಂಜಿನ್ನನ್ನು ದೊಡ್ಡ ದೋಣಿಗೆ ಎತ್ತಿ, ಕಟಕಟೆಗೆ ಸಿಕ್ಕಿಸಿ ಬೀಗ ಹಾಕಬೇಕು. ಹಾಯಿ ಏರಿಸುವ ಹಗ್ಗದಿಂದಲೇ ಡಿಂಗಿಯನ್ನೂ ನೀರಿನಿಂದ ಮೇಲೆತ್ತಬೇಕು. ಕೆಲವರು ಹೊಸ ಎಂಜಿನ್ನಿಗೆ ಬೇಕೆಂದೇ ವಿಕಾರವಾಗಿ ಬಣ್ಣ ಬಳಿಯುತ್ತಾರಂತೆ, ಕದ್ದರೂ ಕೊಳ್ಳುವವರು ಸಿಗದಿರಲೆಂದು. ದೊಡ್ಡ ದೋಣಿಯ ಹೆಸರನ್ನು ಡಿಂಗಿಯ ಮೇಲೆ ಬರೆಯಲೂಬಾರದು. ದಡದಲ್ಲಿ ಅದನ್ನು ಓದಿದ ಕಳ್ಳನಿಗೆ ಯಾವ ದೋಣಿಯಲ್ಲಿ ಯಜಮಾನನಿಲ್ಲ ಎಂದು ತಿಳಿದುಹೋಗುತ್ತದಲ್ಲ! ಬೀಗದ ಕೈಗೊಂದು ಬೆಂಡಿನ ಗುಂಡು ಕಟ್ಟಿದ್ದರು. ಕೈಜಾರಿ ನೀರಿಗೆ ಬಿದ್ದರೂ ತೇಲುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ.

ಮೊಮ್ಮಗನಿಗೆ ಹಿಡಿಸಿದ್ದು ಜೋಶುವಾ ಸ್ಲೋಕಮ್ ಕಥೆ. ಈತ 1895ರಿಂದ 1898ರವರೆಗೆ ‘ಸ್ಪ್ರೇ’ ಎಂಬ ಹಾಯಿದೋಣಿಯಲ್ಲಿ ಒಬ್ಬನೇ ಭೂಮಿ ಸುತ್ತಿದವನು. ದಕ್ಷಿಣ ಅಮೆರಿಕದ ತುದಿಯಲ್ಲಿ, ಮೆಗಲನ್ ಜಲಸಂಧಿಯಲ್ಲಿ ರಾತ್ರಿ ಮಲಗುವಾಗ ದೋಣಿಯ ಮೇಲೆಲ್ಲ ಜಮಖಾನೆಗೆ ಹೊಡೆಯುವ ಸಣ್ಣ ಮೊಳೆಗಳನ್ನು ಚೆಲ್ಲಿದ್ದನಂತೆ. ಕತ್ತಲಲ್ಲಿ ಹತ್ತಿ ಬಂದವರು ಕಿರುಚಿಕೊಂಡು ಓಡಿದರಂತೆ. “ನಾವೂ ಚೆಲ್ಲೋಣ ತಾತಾ” ಎಂದು ಹಟ ಹಿಡಿದ. ಅಲ್ಲಿ ಬರಿಗಾಲಲ್ಲಿ ಓಡಾಡುವವರು ನಾವೇ ಎಂದು ಒಪ್ಪಿಸುವುದರಲ್ಲಿ ಸಾಕಾಯಿತು.

ಒಂದು ಶನಿವಾರ ದಡದಲ್ಲಿ ಊಟ ಮುಗಿಸಿ ದೋಣಿಗೆ ಮರಳಿದಾಗ ಹತ್ತು ಗಂಟೆ ದಾಟಿತ್ತು. ಮಗನಿಗೆ ತಲೆನೋವು. “ನೀನು ಮಲಗು, ಬೀಗದ ವಿಷಯ ನನಗೆ ಬಿಡು” ಎಂದೆ. ಎಂಜಿನ್ ಎತ್ತಲು ನನ್ನ ಸೊಂಟ ಒಪ್ಪಲಿಲ್ಲ. ಒಂದು ರಾತ್ರಿಗೇನು ಎಂದುಕೊಂಡು ಉಕ್ಕಿನ ತಂತಿಯನ್ನು ಡಿಂಗಿಯ ಬಳೆಗೆ ತೂರಿಸಿ, ದೊಡ್ಡ ದೋಣಿಗೆ ಸುತ್ತಿ ಬೀಗ ಹಾಕಿದೆ. ಎರಡು ಸಲ ಎಳೆದೂ ನೋಡಿದೆ. ತಂತಿ ಎಂಜಿನ್ನಿನ ಹಿಡಿಯೊಳಗೆ ಹಾಯ್ದಿರಲೇ ಇಲ್ಲ.

ಬೆಳಿಗ್ಗೆ ಡಿಂಗಿ ಇತ್ತು, ಬೀಗ ಭದ್ರವಾಗಿತ್ತು, ಎಂಜಿನ್ ಇರಲಿಲ್ಲ.

ಮಗ ಒಂದು ಮಾತೂ ಆಡದೆ ಕಾಫಿ ಮಾಡಿಕೊಟ್ಟ. ಬೈದಿದ್ದರೆ ವಾಸಿಯಿತ್ತು. ಪೊಲೀಸರು ಮೊದಲು ಕೇಳಿದ್ದು ಎಂಜಿನ್ನಿನ ನಂಬರ್. ಮಗನಿಗೆ ಗೊತ್ತಿರಲಿಲ್ಲ. ಕಂಡ ನಂಬರನ್ನೆಲ್ಲ ಬರೆದಿಡುವ ಹಳೆಯ ಚಟದಿಂದ ಮೊದಲ ದಿನವೇ ಅದನ್ನು ನನ್ನ ಡೈರಿಯಲ್ಲಿ ಗುರುತು ಹಾಕಿಕೊಂಡಿದ್ದೆ. ಎಂಜಿನ್ ಸಿಗಲಿಲ್ಲ. ವಿಮೆಯ ಹಣ ಒಂದಿಷ್ಟು ಬಂತು.

ಎರಡು ವಾರ ಕಳೆದು ಸೆಕೆಂಡ್‌ಹ್ಯಾಂಡ್ ಎಂಜಿನ್ ಬಂದಾಗ, ಮಗ ಬೀಗದ ಕೈಯನ್ನು ಮತ್ತೆ ನನಗೇ ಕೊಟ್ಟ. ಅವನೇ ಎಂಜಿನ್ ಎತ್ತಿಕೊಟ್ಟ, ನಾನು ಬೀಗ ಹಾಕಿದೆ. ಮೊಮ್ಮಗ ಹತ್ತಿರ ಬಂದು ಅನುಮಾನಿಸುತ್ತ, “ತಾತಾ, ನಾನೂ ಒಂದ್ಸಲ ಎಳೆದು ನೋಡ್ಲಾ?” ಎಂದ. ಮಗ ಕಣ್ಣು ಬಿಟ್ಟ. “ನೋಡಲಿ ಬಿಡೋ” ಎಂದೆ. ನಮ್ಮ ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ, ಇಬ್ಬರು ಅಧಿಕಾರಿಗಳ ಬಳಿ ಒಂದೊಂದು. ಇಬ್ಬರೂ ಬಾರದೆ ಬಾಗಿಲು ತೆರೆಯುತ್ತಿರಲಿಲ್ಲ. ಅದನ್ನು ಹೇಳಿದೆ.

ಹುಡುಗ ತಂತಿಯನ್ನು ಬೆರಳಿನಿಂದ ಸವರುತ್ತ ಎಂಜಿನ್ನಿನ ಹಿಡಿಯವರೆಗೂ ಹೋದ. ಎರಡು ಸಲ ಎಳೆದ. ಆಮೇಲೆ ನನ್ನ ಡೈರಿ ಕೇಳಿದ. ನನ್ನ ಸಹಿಯ ಕೆಳಗೆ, ತನಗೆ ಬರುವ ನಾಲ್ಕೇ ಕನ್ನಡ ಅಕ್ಷರಗಳಲ್ಲಿ ತನ್ನ ಹೆಸರು ಬರೆದ.