ಹದಿನೇಳು ಗಂಟೆ, ಆಮೇಲೆ ಶ್ರೀನಿವಾಸಪುರ

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನದಲ್ಲಿ ಎಷ್ಟು ದೂರ ಅಂತ ಕೇಳಿದ್ರೆ ಗೂಗಲ್ ಒಂದೇ ಸೆಕೆಂಡಲ್ಲಿ ಹೇಳುತ್ತೆ, ಸುಮಾರು 14,000 ಕಿ.ಮೀ. ನಾವು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನಾಲ್ವರು, ಹಾಸ್ಟೆಲಲ್ಲಿ ಒಂದೇ ರೂಮು. ಒಂದು ರಾತ್ರಿ ನಾವೇ ಲೆಕ್ಕ ಹಾಕಿದೆವು. ಎರಡೂ ಊರಿನ ಅಕ್ಷಾಂಶ, ರೇಖಾಂಶ, ಭೂಮಿಯ ತ್ರಿಜ್ಯ 6,371 ಕಿ.ಮೀ., ಒಂದಿಷ್ಟು ಸೈನ್, ಕಾಸ್. ಉತ್ತರ ಬಂದಿದ್ದು 13,990. (ಅಕ್ಷಾಂಶ ಅನ್ನೋ ಪದ ನಮ್ಮಲ್ಲಿ ಮೂವರಿಗೆ ಅವತ್ತೇ ಗೊತ್ತಾಗಿದ್ದು. ಶಾಲೆ ಇಂಗ್ಲಿಷ್, ಮನೆ ತೆಲುಗು, ನಮ್ಮ ಕಡೆ ಹಾಗೇನೇ.)

ದೂರಕ್ಕಿಂತ ದಾರಿ ಮಜಾ. ಗೋಡೆ ಮ್ಯಾಪ್ ನೋಡಿದ್ರೆ ಅಮೆರಿಕಾಗೆ ಪೂರ್ವಕ್ಕೋ ಪಶ್ಚಿಮಕ್ಕೋ ಹೋಗಬೇಕು ಅನ್ಸುತ್ತೆ. ಗ್ಲೋಬ್ ಮೇಲೆ ದಾರ ಎಳೆದು ನೋಡಿ: ದೇವನಹಳ್ಳಿಯಿಂದ ಹೆಚ್ಚುಕಮ್ಮಿ ಉತ್ತರಕ್ಕೇ ಹೊರಟು, ಸೈಬೀರಿಯಾ ದಾಟಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನ ಕ್ಯಾಪ್ಟನ್ ಝೋಯಾ ಅಗರ್ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದಲೇ ಬೆಂಗಳೂರಿಗೆ ತಂದರು, ಸುಮಾರು 17 ಗಂಟೆಯಲ್ಲಿ. ಅದೇ ತಿಂಗಳು ಏರ್‌ಪೋರ್ಟ್ ಪಕ್ಕ ರೈಲ್ವೆ ಹಾಲ್ಟ್ ಕೂಡ ಶುರುವಾಯ್ತು. ಶ್ರೀನಿವಾಸಪುರದ ಹಳಿ ಚಿಂತಾಮಣಿ, ಚಿಕ್ಕಬಳ್ಳಾಪುರ ಸುತ್ತಿ ಅಲ್ಲಿಗೇ ಹೋಗುತ್ತೆ. ನಮಗೆ ಇದು ಜಾಸ್ತಿ ಖುಷಿ ಕೊಡ್ತು.

ಮೇ ತಿಂಗಳಲ್ಲಿ, ಮಾವಿನ ಸೀಸನ್ನಲ್ಲಿ, ನಮ್ಮ ಶ್ರೀನಿವಾಸಪುರದವನ ಅಜ್ಜಿ ಹೋಗಿಬಿಟ್ರು. ಮಂಗಳವಾರ ಬೆಳಗಿನ ಜಾವ ನಾಲ್ಕು ಗಂಟೆ. ರಜೆ, ಎಲ್ಲರೂ ಊರಲ್ಲೇ ಇದ್ವಿ, ಏಳಕ್ಕೆಲ್ಲ ಅಲ್ಲಿದ್ವಿ. ಅಜ್ಜಿ ಸಾಕಿ ಬೆಳೆಸಿದ ಮೊಮ್ಮಗಳು, ಅವನ ದೊಡ್ಡಪ್ಪನ ಮಗಳು, ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾರೆ. ದೊಡ್ಡಪ್ಪ ನಮ್ಮನ್ನ ಕರೆದು, "ನೀವು ಇಂಜಿನಿಯರಿಂಗ್ ಓದೋರಲ್ವೇನ್ರಪ್ಪ, ಎಷ್ಟೊತ್ತಿಗೆ ಬರ್ತಾಳೆ ಲೆಕ್ಕ ಹಾಕಿ ಹೇಳಿ" ಅಂದ್ರು.

ಮಂಡಿ ಚೀಟಿಯ ಹಿಂದೆ ಬರೆದೆವು. ಆ ದಿನ ನೇರ ವಿಮಾನ ಸಿಕ್ಕಿರಲಿಲ್ಲ. ದುಬೈವರೆಗೆ ಹದಿನೈದೂವರೆ ಗಂಟೆ, ಅಲ್ಲಿ ಕಾಯೋದು ಮೂರು, ಬೆಂಗಳೂರಿಗೆ ಮತ್ತೆ ನಾಲ್ಕರ ಹತ್ತಿರ. ಮನೆಯಿಂದ ಮೊದಲೇ ಹೊರಡೋದು, ಇಮಿಗ್ರೇಷನ್, ಲಗೇಜು. ಆಮೇಲೆ ದೇವನಹಳ್ಳಿಯಿಂದ ಊರಿಗೆ ಕಾರಲ್ಲಿ ಎರಡು ಗಂಟೆಗಿಂತ ಮೇಲೆ. 14,000 ಕಿ.ಮೀ. ಲೆಕ್ಕದಲ್ಲಿ ಈ ಕೊನೆಯ 80 ಯಾರೂ ಸೇರಿಸಲ್ಲ. ಒಟ್ಟು ಮೂವತ್ತು. "ನಾಳೆ ಮಧ್ಯಾಹ್ನ, ದೊಡ್ಡಪ್ಪ."

ಊರ ಹಿರಿಯರು ಹೊತ್ತು ಮುಳುಗೋದ್ರೊಳಗೆ ಆಗಲಿ ಅಂದ್ರು. ಬಿಸಿಲು ಬೇರೆ. ಫ್ರೀಜರ್ ಬಾಕ್ಸ್ ತರ್ಸೋಣ ಅಂತ ನಾವು ಹೇಳಿದ್ವಿ, ಈಗಲೂ ಅದೇ ಸರಿ ಅಂತ ನಮ್ಮ ಅಭಿಪ್ರಾಯ. ದೊಡ್ಡಪ್ಪ ಆ ಚೀಟಿಯನ್ನ ತುಂಬಾ ಹೊತ್ತು ನೋಡಿ, ಮಡಚಿ ಜೇಬಲ್ಲಿಟ್ಕೊಂಡು, "ಮುಗಿಸೋಣ" ಅಂದ್ರು.

ಅಕ್ಕ ಬೋರ್ಡಿಂಗ್ ಗೇಟಿಂದ ವಿಡಿಯೋ ಕಾಲಲ್ಲಿ ಮುಖ ನೋಡಿದ್ರು. ಸಂಜೆ ಐದಕ್ಕೆ ಬೆಂಕಿ ಇಟ್ಟಾಗ ಫ್ಲೈಟ್ ಟ್ರ್ಯಾಕರಲ್ಲಿ ಅವರ ವಿಮಾನ ಗ್ರೀನ್‌ಲ್ಯಾಂಡ್ ಹತ್ತಿರ ಇತ್ತು. ನಾವು ದೊಡ್ಡಪ್ಪನಿಗೆ ಅದನ್ನ ತೋರಿಸಲಿಲ್ಲ.

ಬುಧವಾರ ಹನ್ನೊಂದೂವರೆಗೆ ಬಂದ್ರು. ಮಾರನೇ ದಿನ ಹಾಲು ತುಪ್ಪಕ್ಕೆ ಸ್ಮಶಾನಕ್ಕೆ ಬಂದೇ ಬರ್ತೀನಿ ಅಂತ ಹಟ ಮಾಡಿದ್ರು, ಹಿರಿಯರೂ ಬೇಡ ಅನ್ನಲಿಲ್ಲ. ವಾಪಸ್ ಬರೋವಾಗ ಅಕ್ಕ ಕೇಳಿದ್ರು: "ಅಜ್ಜಿ ಹೋದಾಗ ಅಲ್ಲಿ ಇನ್ನೂ ಸೋಮವಾರ ಮಧ್ಯಾಹ್ನ ಕಣಪ್ಪಾ, ನಾನು ಮೀಟಿಂಗಲ್ಲಿದ್ದೆ. ಮುಂದಿನ ವರ್ಷ ನಾನು ಅಲ್ಲಿ ಯಾವ ದಿನ ದೀಪ ಹಚ್ಚಲಿ?"

ದೊಡ್ಡಪ್ಪ ಸುಮ್ಮನೆ ನಡೀತಿದ್ರು. ಮನೆ ಹತ್ತಿರ ಬಂದ ಮೇಲೆ, "ಎರಡು ದಿನಾನೂ ಹಚ್ಚಮ್ಮಾ" ಅಂದ್ರು.