ಕಾಳಿ ನದಿಯ ಎರಡು ತಾಯಂದಿರು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಡೆಯವರಾದ ನಮಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಂತಹ ಬಯಲುಸೀಮೆಯ ಮಕ್ಕಳು ನದಿಯಲ್ಲಿ ಡಾಲ್ಫಿನ್, ಮಳೆಕಾಡಿನಲ್ಲಿ ಬಣ್ಣದ ಹಕ್ಕಿ ಎಂದು ಪಾಠದಲ್ಲಿ ಓದಿದರೆ ಅದು ಯಾವುದೋ ದೂರದ ದೇಶದ ಕಥೆ ಎಂದುಕೊಳ್ಳುತ್ತಾರೆ. ಆದರೆ ನಮ್ಮ ರಾಜ್ಯದ ಒಂದೇ ನದಿಯ ದಾರಿಯಲ್ಲಿ ಇವೆರಡನ್ನೂ ನೋಡಬಹುದು. ಅದು ಉತ್ತರ ಕನ್ನಡದ ಕಾಳಿ ನದಿ.

ದಾವಣಗೆರೆ, ಹುಬ್ಬಳ್ಳಿ, ಧಾರವಾಡ, ಹಳಿಯಾಳದ ಮೂಲಕ ದಾಂಡೇಲಿಗೆ ಹೋದರೆ ದಟ್ಟ ಕಾಡು ಎದುರಾಗುತ್ತದೆ. ಇಲ್ಲಿ ನಾಲ್ಕು ಜಾತಿಯ ಮಂಗಟ್ಟೆ ಹಕ್ಕಿಗಳಿವೆ. ಇವುಗಳಿಗಾಗಿಯೇ 2011ರಲ್ಲಿ ಇಲ್ಲಿ ಸಂರಕ್ಷಿತ ಪ್ರದೇಶವನ್ನು ಘೋಷಿಸಲಾಯಿತು. ಮೊಟ್ಟೆಯಿಡುವ ಕಾಲ ಬಂದಾಗ ಹೆಣ್ಣು ಹಕ್ಕಿ ಹಳೆಯ ಮರದ ಪೊಟರೆಯೊಳಗೆ ಹೋಗಿ ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಕೊಕ್ಕಿನ ತುದಿ ಹಿಡಿಸುವಷ್ಟು ಸಣ್ಣ ಸೀಳು ಮಾತ್ರ ಉಳಿಯುತ್ತದೆ. ಗಂಡು ಹಕ್ಕಿ ವಾರಗಟ್ಟಲೆ ಅತ್ತಿ, ಆಲದ ಹಣ್ಣುಗಳನ್ನು ತಂದು ಆ ಸೀಳಿನಿಂದಲೇ ಉಣಿಸುತ್ತದೆ. ಆ ಗಂಡು ಬೇಟೆಗೆ ಬಲಿಯಾದರೆ ಒಳಗಿರುವ ತಾಯಿ ಮತ್ತು ಮರಿಗಳ ಗತಿಯೇನು? ತಿಂದ ಹಣ್ಣಿನ ಬೀಜಗಳನ್ನು ದೂರ ದೂರ ಬೀಳಿಸಿ ಹೊಸ ಮರಗಳನ್ನು ಬೆಳೆಸುವುದೂ ಇದೇ ಹಕ್ಕಿ.

ದಾಂಡೇಲಿಯಿಂದ ಅಣಶಿ ಘಟ್ಟ ಇಳಿದರೆ ಕಾರವಾರ. ಕಾಳಿ ಸಮುದ್ರ ಸೇರುವ ಆ ಅಳಿವೆಯ ಸುತ್ತ ಗೂನುಬೆನ್ನಿನ ಡಾಲ್ಫಿನ್‌ಗಳು ಮೀನು ಹುಡುಕುತ್ತಾ ಬರುತ್ತವೆ. 2009ರಲ್ಲಿ ರಾಷ್ಟ್ರೀಯ ಜಲಚರವೆಂದು ಘೋಷಣೆಯಾದ ಗಂಗಾ ಡಾಲ್ಫಿನ್ ಸಿಹಿನೀರಿನದು, ಇವು ಕಡಲಿನವು. ಆದರೂ ಇವು ಮೀನುಗಳಲ್ಲ. ಮರಿ ಹಾಕಿ ಹಾಲುಣಿಸುತ್ತವೆ, ಉಸಿರಾಡಲು ನೀರಿನ ಮೇಲಕ್ಕೆ ಬರಲೇಬೇಕು. ಬಲೆಯಲ್ಲಿ ಸಿಕ್ಕಿಕೊಂಡರೆ ನೀರಿನಲ್ಲಿ ಹುಟ್ಟಿದ ಈ ಜೀವ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ.

ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿಂದ ಕಾಳಿ ನಾಡಿಗೆ ವಿದ್ಯುತ್ ಕೊಟ್ಟಿದೆ. ಆ ಬೆಳಕಿಗಾಗಿ ಕಾಡೂ ಮುಳುಗಿದೆ, ಊರುಗಳೂ ಮುಳುಗಿವೆ. ಆದ್ದರಿಂದ ಉಳಿದಿರುವುದನ್ನು ಕಾಪಾಡುವುದು ಕೇವಲ ಕಾರವಾರದವರ ಹೊಣೆಯಲ್ಲ.

ಸಹೋದರಿಯರೇ, ನಮ್ಮಲ್ಲಿ ಮಳೆಕಾಡಿಲ್ಲ ನಿಜ. ಆದರೆ ಹೊಲದ ಬದುವಿನ ಹಳೆಯ ಹುಣಸೆ, ಊರ ಮುಂದಿನ ಆಲದ ಪೊಟರೆಗಳಲ್ಲಿ ಗಿಳಿ, ಮೈನಾ, ಗೂಬೆಗಳ ಸಂಸಾರವಿರುತ್ತದೆ. ಟೊಳ್ಳು ಮರ, ಸೌದೆಗಾದರೂ ಆಗಲಿ ಎಂದು ಮನೆಯಲ್ಲಿ ಮಾತು ಬಂದಾಗ, ಕೊಡಲಿ ಎತ್ತುವ ಮೊದಲು ಒಳಗೆ ಯಾರಿದ್ದಾರೆಂದು ನೋಡಿ ಎಂದು ಹೇಳುವವರು ನಾವಾಗೋಣ.